ಅಲ್ಯೂಮಿನಿಯಂ ಭಾಗಗಳಿಗೆ ತೂತು ಹಾಕುವಿಕೆ

ಬೋಲ್ಟು, ಸ್ಕ್ರೂ, ರಿವೆಟ್ಟುಗಳಿಗಾಗಿ ಅಲ್ಯೂಮಿನಿಯಂ ತಗಡು, ಸೆಕ್ಷನ್ ಮತ್ತು ಎರಕದ ಭಾಗಗಳಲ್ಲಿ ರಂಧ್ರ ಮಾಡುವ ಕೆಲಸ. ಧಾರವಾಡ ಜಿಲ್ಲೆಯಲ್ಲಿ ಇದರ ದೊಡ್ಡ ಪ್ರಮಾಣದ ನೆಲೆ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ಊರುಗಳಲ್ಲಿ ಕಿಟಕಿ-ಬಾಗಿಲು ಕೂಡಿಸುವ ಅಂಗಡಿಗಳಿಗೆ ಕೈ ಡ್ರಿಲ್ಲೇ ಮುಖ್ಯ ಸಾಧನ.

ತೆಳು ತಗಡಿಗೆ ಪಂಚ್ ಮತ್ತು ಡೈ ಅತಿ ವೇಗದ್ದು. ಒಂದೇ ಏಟಿಗೆ ತೂತು ಬೀಳುತ್ತದೆ. ಆದರೆ ತೂತಿನ ವ್ಯಾಸ ತಗಡಿನ ದಪ್ಪಕ್ಕಿಂತ ಕಡಿಮೆ ಇರದಿರುವುದು ಒಳ್ಳೆಯದು. ಡೈ ಮಾಡಿಸುವ ಖರ್ಚು ಹುಟ್ಟಬೇಕಾದರೆ ತೂತುಗಳ ಸಂಖ್ಯೆಯೂ ದೊಡ್ಡದಿರಬೇಕು. ಎರಕದ ಭಾಗಗಳಲ್ಲಿ ಅಚ್ಚಿನಲ್ಲೇ ಪಿನ್ ಇಟ್ಟು ರಂಧ್ರ ಬಿಡುವುದುಂಟು.

ಉಳಿದ ಕಡೆ ಡ್ರಿಲ್ಲಿಂಗೇ ಗತಿ. ಅಲ್ಯೂಮಿನಿಯಂ ಮೆದು, ಆದರೆ ಡ್ರಿಲ್ ಬಿಟ್ಟಿನ ಅಂಚಿಗೆ ಮೆತ್ತಿಕೊಳ್ಳುವ ಸ್ವಭಾವದ್ದು. ಹರಿತ ಬಿಟ್ಟು, ಒಂದಿಷ್ಟು ಸೀಮೆಎಣ್ಣೆ, ಆಗಾಗ ಮೇಲೆತ್ತಿ ಚೂರು ತೆಗೆಯುವುದು ಇದಕ್ಕೆ ಮದ್ದು. ಬಿಟ್ಟಿನ ಅಂಚು ನಿಮಿಷಕ್ಕೆ 60 ಮೀಟರ್ ಓಡಬೇಕೆಂದರೆ 10 ಮಿ.ಮೀ. ಬಿಟ್ಟು ನಿಮಿಷಕ್ಕೆ ಸುಮಾರು 1,900 ಸುತ್ತು, 5 ಮಿ.ಮೀ. ಬಿಟ್ಟು 3,800 ಸುತ್ತು ತಿರುಗಬೇಕು. ಕಬ್ಬಿಣಕ್ಕೆ ಇಟ್ಟ ನಿಧಾನದ ವೇಗದಲ್ಲೇ ಅಲ್ಯೂಮಿನಿಯಂ ಅನ್ನೂ ಕೊರೆಯುವುದು ಸುಮ್ಮನೆ ಹೊತ್ತು ಕಳೆದಂತೆ.

ಅಸಲಿಗೆ ಹೊತ್ತು ತಿನ್ನುವುದು ಕೊರೆತವಲ್ಲ, ಅಳತೆ ಹಾಕಿ ಗುರುತು ಮಾಡುವುದು. ಒಂದೇ ಅಳತೆಯ ಹತ್ತಾರು ತುಂಡುಗಳಿದ್ದಲ್ಲಿ ಉಕ್ಕಿನ ಪಟ್ಟಿಯಲ್ಲಿ ಜಿಗ್ (ತೂತಿನ ಜಾಗ ತೋರಿಸುವ ಮಾದರಿ) ಮಾಡಿಕೊಂಡು ಬೆಂಚ್ ಡ್ರಿಲ್‌ನಲ್ಲಿ ಕೊರೆಯುವುದೇ ಸಣ್ಣ ಅಂಗಡಿಗೆ ಅಗ್ಗದ, ವೇಗದ ದಾರಿ. ತಿರುಗುವ ಬಿಟ್ಟಿನ ಬಳಿ ಕೈಗವಸು ಹಾಕಬಾರದು.