ಕೂಲಿ, ಕೂಸು, ಕಾನೂನು: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಮಕ್ಕಳ ನೀತಿಯ ಎರಡು ಶತಮಾನ

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿ ಕಳಿಸಿದ. ಹಿಂದಿನ ವರ್ಷ ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ದ. ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಈ ಸೀಮೆಯನ್ನು ಮೊದಲ ಏಳು ವರ್ಷ ಆಳಿದವನೂ ಮನ್ರೋನೇ. ಕ್ಯಾಂಪ್‌ಬೆಲ್ ಕೊಟ್ಟ ಲೆಕ್ಕದಂತೆ 9,27,857 ಜನರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಕಲಿಯುತ್ತಿದ್ದವರು 6,641 ಮಂದಿ, ಅದರಲ್ಲಿ ಹುಡುಗಿಯರು 60. ಧರ್ಮಪಾಲರು 1983ರಲ್ಲಿ ಇಂಥ ದಾಖಲೆಗಳನ್ನೆಲ್ಲ ಒಟ್ಟಾಗಿ ಅಚ್ಚು ಹಾಕಿಸಿದ ಮೇಲೆ ಈ ಅಂಕಿಗಳನ್ನು ಉಲ್ಲೇಖಿಸದ ಶಿಕ್ಷಣ ಚರ್ಚೆಯೇ ಇಲ್ಲ ಎನ್ನಬೇಕು. ಆದರೆ ಚರ್ಚೆ ಹೆಚ್ಚಾಗಿ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಬ್ರಿಟಿಷರಿಗಿಂತ ಮುಂಚೆ ನಮ್ಮಲ್ಲಿ ಶಾಲೆಗಳಿದ್ದವೋ ಇಲ್ಲವೋ. ಅದೇ ವರದಿಯ ಇನ್ನೊಂದು ಮಾತು ಮಕ್ಕಳ ನೀತಿಯ ಚರಿತ್ರೆಗೆ ಇದಕ್ಕಿಂತ ಮುಖ್ಯ.

ಶಾಲೆಯ ದಿನಚರಿಯನ್ನು ಕ್ಯಾಂಪ್‌ಬೆಲ್ ಹತ್ತಿರದಿಂದ ಕಂಡು ಬರೆದಿದ್ದಾನೆ. ಐದು ವರ್ಷಕ್ಕೆ ಮಗುವನ್ನು ಶಾಲೆಗೆ ಹಾಕುವುದು, ಬೆಳಗ್ಗೆ ಆರಕ್ಕೆ ಶಾಲೆ ಶುರುವಾಗುವುದು, ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಕೈಯಲ್ಲಿ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಇಷ್ಟು ಅಗ್ಗದ, ಚೊಕ್ಕಟವಾದ ಕ್ರಮವಿದ್ದೂ ಶಾಲೆಗಳು ಏಕೆ ಸೊರಗುತ್ತಿವೆ? ನೇಕಾರಿಕೆ ಬಿದ್ದುಹೋಗಿದೆ, ಸ್ಥಳೀಯ ಆಸ್ಥಾನಗಳ ಆಶ್ರಯ ತಪ್ಪಿದೆ, ಜನ ಬಡವಾಗಿದ್ದಾರೆ, ಮಕ್ಕಳ ಕೈಕಾಲಿಗೆ ತುಸು ಬಲ ಬರುತ್ತಲೇ ಮನೆಯವರಿಗೆ ಅವರ ದುಡಿಮೆ ಬೇಕಾಗುತ್ತದೆ ಎಂಬುದು ಅವನ ಉತ್ತರದ ಸಾರಾಂಶ. ತಾಯ್ತಂದೆಯರಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ ಎಂದು ಅವನು ದೂರಲಿಲ್ಲ. ಅವನ ನಂತರ ಬಂದ ಎಷ್ಟೋ ಅಧಿಕಾರಿಗಳು ಆ ದೂರನ್ನು ಧಾರಾಳವಾಗಿ ಹೇಳಿದ್ದಾರೆ.

ಈ ಲೇಖನದ ವಾದ ಕ್ಯಾಂಪ್‌ಬೆಲ್ಲನ ಆ ಉತ್ತರದಿಂದಲೇ ಹೊರಡುತ್ತದೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಇನ್ನೂರು ವರ್ಷಗಳಿಂದ ಮಗುವಿನ ಗತಿಯನ್ನು ನಿರ್ಧರಿಸುತ್ತ ಬಂದದ್ದು ತಾಯಿಯ ಕೂಲಿ ಮತ್ತು ಆ ಕೂಲಿಯ ಹಂಗಾಮು. ಸರ್ಕಾರದ ನೀತಿಗಳು ಇದನ್ನು ಗಮನಿಸಿದಾಗ ಒಂದಿಷ್ಟು ಹಿಡಿದು ನಿಂತವು, ಮರೆತಾಗ ಕಾಗದದಲ್ಲಿ ಉಳಿದವು.

ಸರ್ಕಾರ ಮಗುವಿಗೆ ನೇರವಾಗಿ ಅನ್ನ ಹಾಕುವ ಹೊಣೆ ಹೊತ್ತದ್ದು ಬರಗಾಲದಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876-78ರ ಮಹಾಕ್ಷಾಮ, ಬಳ್ಳಾರಿಯನ್ನು ಹಿಂಡಿಹಾಕಿತು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಡಿಮೆ ಐದನೇ ಒಂದು ಪಾಲಿನಷ್ಟು ಕುಸಿಯಿತು. 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ಬಂದು ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಪುಡಿಗಾಸು ಎಂಬ ಮಟ್ಟಕ್ಕೆ ಇಳಿಸಿದ. ಕೂಲಿ ಬೇಕಾದವರು ಮನೆಯಿಂದ ಹಲವು ಮೈಲಿ ದೂರದ ಕಾಮಗಾರಿಗೆ ಹೋಗಿ ಅಲ್ಲೇ ಉಳಿಯಬೇಕು ಎಂಬ ದೂರದ ಪರೀಕ್ಷೆಯೂ ಬಂತು. ನಿಜವಾಗಿ ಹಸಿದವನು ಮಾತ್ರ ಅಷ್ಟು ದೂರ ನಡೆದಾನು ಎಂಬುದು ಅದರ ತರ್ಕ. ಕಂಕುಳಲ್ಲಿ ಕೂಸಿರುವ ಹೆಂಗಸು ಈ ಪರೀಕ್ಷೆಯಲ್ಲಿ ಹೇಗೆ ಪಾಸಾಗಬೇಕು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಶ್ ಆ ಧಾನ್ಯದಲ್ಲಿ ದುಡಿಯುವ ದೇಹ ಉಳಿಯದು ಎಂದು ಪಟ್ಟು ಹಿಡಿದ. ಕೊನೆಗೆ ಮದ್ರಾಸ್ ಸರ್ಕಾರ ಕೂಲಿಯನ್ನು ಮತ್ತೆ ಏರಿಸಿತು.

ಆ ಅನುಭವದಿಂದ ಹುಟ್ಟಿದ್ದು 1880ರ ಕ್ಷಾಮ ಆಯೋಗ, ಅದರಿಂದ ಕ್ಷಾಮ ಸಂಹಿತೆ. ಕಾಮಗಾರಿಗೆ ಬಂದವರ ಜೊತೆಗಿರುವ, ದುಡಿಯಲಾರದ ಮಕ್ಕಳಿಗೂ ಆಹಾರ ಕೊಡುವುದು ಸರ್ಕಾರದ ಕರ್ತವ್ಯ ಎಂಬ ನಿಯಮ ಇಲ್ಲಿ ನೆಲೆಗೊಂಡಿತು. ಈ ಸೀಮೆಯ ಮಕ್ಕಳ ಕಲ್ಯಾಣ ನೀತಿಯ ಮೊದಲ ಅಧ್ಯಾಯ ಇದೇ ಎಂದು ನನ್ನ ಅಭಿಪ್ರಾಯ. ಕರುಣೆಗಿಂತ ಲೆಕ್ಕಾಚಾರ ಮುಂದಿದ್ದ ಆ ಸಂಹಿತೆ, ಕೂಲಿಯವಳ ಹಿಂದೆ ಕೂಸು ಇದ್ದೇ ಇರುತ್ತದೆ ಎಂಬುದನ್ನು ಒಪ್ಪಿಕೊಂಡಿತ್ತು.

ಶಾಂತಿಕಾಲದ ಕಾನೂನುಗಳ ಕಥೆ ಬೇರೆ. ಗಡಿಯಾಚೆಯ ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಶಾರದಾ ಕಾಯ್ದೆಗಾಗಿ 1930ರವರೆಗೆ ಕಾಯಬೇಕಾಯಿತು. ಇದಕ್ಕೆ ಪ್ರತಿಯಾಗಿ, ದೇಶದಲ್ಲೇ ಮೊದಲನೆಯದಾದ 1920ರ ಮದ್ರಾಸ್ ಮಕ್ಕಳ ಕಾಯ್ದೆ ಮೈಸೂರಿಗಿಂತ ಮೊದಲೇ ಬಳ್ಳಾರಿಗೆ ಸಿಕ್ಕಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು, ಬಳ್ಳಾರಿ ಮತ್ತು ಸಿರುಗುಪ್ಪ ಮೈಸೂರಿಗೆ ಬಂದವು. ಜಿಲ್ಲೆ ಬಂದರೂ ಅದರ ಕಾನೂನುಗಳು ಹಳೆಯವೇ ಉಳಿದವು. ಕಡ್ಡಾಯ ಶಿಕ್ಷಣಕ್ಕೆ 1961ರಲ್ಲಿ, ಮಕ್ಕಳ ಕಾಯ್ದೆಗೆ 1964ರಲ್ಲಿ ರಾಜ್ಯಕ್ಕೆಲ್ಲ ಒಂದೇ ಕಾನೂನು ಬಂತು.

ಈ ವಿಲೀನದಿಂದ ಬಳ್ಳಾರಿಯ ಮಕ್ಕಳಿಗೆ ಒಂದು ನಷ್ಟವೂ ಆಯಿತು ಎಂದರೆ ಏಕೀಕರಣದ ಅಭಿಮಾನಿಗಳು ಬೇಸರಿಸಬಾರದು. ಕಾಮರಾಜರು ಮದ್ರಾಸ್ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಶುರುಮಾಡಿದ್ದು 1956ರಲ್ಲಿ, ಬಳ್ಳಾರಿ ಅಲ್ಲಿಂದ ಹೊರಬಿದ್ದ ಮೂರೇ ವರ್ಷಕ್ಕೆ. ಇಲ್ಲಿನ ಮಕ್ಕಳಿಗೆ ಆಮೇಲೆ ಸಿಕ್ಕಿದ್ದು ಕೇರ್ ಸಂಸ್ಥೆಯ ನೆರವಿನ ಉಪ್ಪಿಟ್ಟು, ಹಾಲಿನ ಪುಡಿ. 1995ರ ಕೇಂದ್ರ ಯೋಜನೆಯಲ್ಲಿ ತಿಂಗಳಿಗೆ ಮೂರು ಕಿಲೋ ಅಕ್ಕಿ ಬಂತು, ಆದರೆ ಶೇಕಡಾ 80 ಹಾಜರಾತಿ ಇದ್ದವರಿಗೆ ಮಾತ್ರ. ಸುಗ್ಗಿಯಲ್ಲಿ ಹೊಲಕ್ಕೆ ಹೋದ ಮಗು ಶಾಲೆಯನ್ನೂ ಅಕ್ಕಿಯನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಿತ್ತು. ಯಾರಿಗೆ ಅಕ್ಕಿ ಹೆಚ್ಚು ಬೇಕಿತ್ತೋ ಅವರೇ ಜರಡಿಯಲ್ಲಿ ಕೆಳಗೆ ಬಿದ್ದರು. ಬಿಸಿಯೂಟ ತಲುಪಿದ್ದು 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದ ನಂತರ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮದ್ರಾಸಿನಲ್ಲೇ ಉಳಿದಿದ್ದರೆ 46 ವರ್ಷ ಮೊದಲು ಸಿಗುತ್ತಿದ್ದ ಊಟ! ಆಮೇಲೆ 2013ರಲ್ಲಿ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರ್‌ನಲ್ಲಿ ಮೊಟ್ಟೆ. ಮೊಟ್ಟೆಯ ಬಗ್ಗೆ ಮಠಗಳು ಎತ್ತಿದ ಗದ್ದಲ ತಟ್ಟೆಯ ಮುಂದೆ ಕೂತ ಮಕ್ಕಳಿಗೆ ಅಷ್ಟೇನೂ ತಾಗಲಿಲ್ಲ.

ದೇವದಾಸಿ ಪದ್ಧತಿಯ ವಿಷಯದಲ್ಲಂತೂ ಈ ಸೀಮೆ ಎರಡು ಸರ್ಕಾರಗಳ ಕಾನೂನು ಕಂಡಿದೆ. ಮುತ್ತುಲಕ್ಷ್ಮಿ ರೆಡ್ಡಿಯವರ ದಶಕಗಳ ಹೋರಾಟದ ಫಲವಾದ 1947ರ ಮದ್ರಾಸ್ ಕಾಯ್ದೆ ಬಳ್ಳಾರಿಗೂ ಅನ್ವಯಿಸುತ್ತಿತ್ತು. ಆದರೂ 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ಮಾಡಬೇಕಾಯಿತು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಬಳ್ಳಾರಿ ಆ ಪಟ್ಟಿಯ ಪ್ರಮುಖ ಜಿಲ್ಲೆಗಳಲ್ಲಿ ಒಂದು. ಎರಡೂ ಕಾಯ್ದೆಗಳು ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು ಅಪರಾಧ ಎಂದವು, ಹುಟ್ಟಿದ ಮಕ್ಕಳ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಶಾಲೆಯ ದಾಖಲಾತಿ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಪೆನ್ನು ನಿಂತುಹೋಗುವುದು, ಜಾತಿ ಪ್ರಮಾಣಪತ್ರಕ್ಕೆ ಅಲೆಯುವುದು, ಸಂಬಂಧ ಕುದುರದಿರುವುದು, ಇವೆಲ್ಲ ಮಕ್ಕಳ ಪಾಲಿಗೆ ಬಂದವು. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ ಮಕ್ಕಳ ಹಕ್ಕನ್ನು, ತಂದೆಯ ಹೆಸರಿಗೆ ಒತ್ತಾಯಿಸಬಾರದೆಂಬ ಮಾತನ್ನು ಒಳಗೊಂಡಿದೆ. ಮೊದಲ ಕಾಯ್ದೆಯಿಂದ ಇಲ್ಲಿಗೆ 78 ವರ್ಷ.

ಇನ್ನು ಹೊಲದ ಕಡೆಗೆ. ವಿಲೀನವಾದ 1953ರಲ್ಲೇ ತುಂಗಭದ್ರಾ ಅಣೆಕಟ್ಟಿನಲ್ಲೂ ನೀರು ನಿಂತಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಭೂಮಿಗೆ ಕಾಲುವೆ ನೀರು ಹರಿಯಿತು, ಕೃಷ್ಣಾ-ಗೋದಾವರಿ ಕಡೆಯ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಸಿರುಗುಪ್ಪ ಭತ್ತದ ನಾಡಾಯಿತು, ಕುರುಗೋಡಿನ ಸುತ್ತ ಮೆಣಸಿನಕಾಯಿ ಹಬ್ಬಿತು. ನೀರಾವರಿ ಎಂದರೆ ಸಮೃದ್ಧಿ ಎಂದಷ್ಟೇ ನಾವು ಬರೆಯುತ್ತೇವೆ. ನಾಟಿ, ಕಳೆ, ಕಾಯಿ ಬಿಡಿಸುವುದು ಎಲ್ಲವೂ ಹೆಂಗಸರ ಕೆಲಸ. ಆದ್ದರಿಂದ ನೀರಾವರಿ ಎಂದರೆ ಹೆಂಗಸರಿಗೆ ವರ್ಷದಲ್ಲಿ ಇನ್ನಷ್ಟು ದಿನಗಳ ಕೂಲಿ ಎಂದೂ ಅರ್ಥ.

ಮೆಣಸಿನಕಾಯಿ ಬಿಡಿಸುವ ಹಂಗಾಮು ಜನವರಿಯಿಂದ ಮಾರ್ಚ್‌ವರೆಗೆ, ಪರೀಕ್ಷೆಗೆ ಮುಂಚಿನ ಓದಿನ ದಿನಗಳಲ್ಲಿ. ಬೆಳಗಾಗುತ್ತಲೇ ಗೂಡ್ಸ್ ಆಟೊ ಊರ ಬಾಗಿಲಿಗೆ ಬರುತ್ತದೆ. ಬುತ್ತಿ, ನೀರಿನ ಕ್ಯಾನು, ಕೂಸು ಎಲ್ಲವೂ ಅದರಲ್ಲೇ. ಹೊಲದ ಬದುವಿನ ಜಾಲಿಗೆ ಸೀರೆಯ ಜೋಲಿ ಕಟ್ಟುತ್ತಾರೆ. ಬಿಡಿಸುತ್ತ ಹೋದಂತೆ ಖಾರ ಬೆರಳ ಸಂದಿಗೆ ಇಳಿಯುತ್ತದೆ, ತೊಳೆದರೂ ಉರಿ ಹೋಗದು. ಆ ಕೈಯಲ್ಲಿ ಕೂಸಿನ ಕಣ್ಣು ಮುಟ್ಟುವಂತಿಲ್ಲ, ಎತ್ತಿ ಹಾಲು ಕೊಡುವುದೂ ಕಷ್ಟ. ಹಾಗಾಗಿ ಕೂಸನ್ನು ನೋಡಿಕೊಳ್ಳಲು ನಾಲ್ಕನೆಯದೋ ಐದನೆಯದೋ ಓದುವ ಹಿರಿ ಮಗಳೂ ಆಟೊ ಹತ್ತುತ್ತಾಳೆ.

ಈ ಹುಡುಗಿ ಯಾವ ಇಲಾಖೆಯ ಲೆಕ್ಕಕ್ಕೆ ಸೇರುತ್ತಾಳೆ? ಕೂಲಿ ಪಡೆಯುವುದಿಲ್ಲವಾದ್ದರಿಂದ ಕಾರ್ಮಿಕ ಇಲಾಖೆಗೆ ಬಾಲಕಾರ್ಮಿಕಳಲ್ಲ. ಶಿಕ್ಷಣ ಇಲಾಖೆಗೆ ಅವಳು ಬರೀ ಗೈರು. 2013ರಲ್ಲಿ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಏಳು ದಿನದ ಸತತ ಗೈರನ್ನೂ ಎಚ್ಚರಿಕೆಯ ಗಂಟೆ ಎಂದು ಪರಿಗಣಿಸುವ ನಿಯಮ ಬಂತು. ಅದಕ್ಕೂ ಮೊದಲಿದ್ದದ್ದು 60 ದಿನದ ಅಳತೆ. ಹಂಗಾಮಿನಲ್ಲಿ ಆರು ವಾರ ಗೈರಾದರೂ ಅದು ಆ ಅಳತೆಯ ಒಳಗೇ ಮುಗಿದುಹೋಗುತ್ತಿತ್ತು. ‘ಚಿಣ್ಣರ ಅಂಗಳ’, ‘ಕೂಲಿಯಿಂದ ಶಾಲೆಗೆ’ ಎಂಬ ಕಾರ್ಯಕ್ರಮಗಳೂ ಹುಡುಗಿಯನ್ನು ಶಾಲೆಗೆ ಎಳೆದು ತರುವುದನ್ನೇ ಯೋಚಿಸಿದವು, ಅವಳ ಸೊಂಟದ ಮೇಲಿನ ತಮ್ಮನನ್ನು ಎಲ್ಲಿ ಬಿಡುವುದು ಎಂದು ಕೇಳಲಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಆಮೇಲೆ ಎಲ್ಲ ತಾಲ್ಲೂಕುಗಳಿಗೂ ಹಬ್ಬಿದ ಅಂಗನವಾಡಿ ದಿನವಿಡೀ ಕೂರಿಸಿಕೊಳ್ಳುವುದು ಮೂರರಿಂದ ಆರು ವರ್ಷದವರನ್ನು. ಮೂರರೊಳಗಿನ ಕೂಸಿಗೆ ಅಲ್ಲಿ ತೂಕ, ಚುಚ್ಚುಮದ್ದು, ಮನೆಗೊಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ, ಅಷ್ಟೇ.

2017ರ ಮಾತೃಪೂರ್ಣವೂ ಇದೇ ತೊಡಕಿನಲ್ಲಿ ಸಿಕ್ಕಿತು. ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು ಎಂಬ ಯೋಜನೆ ಒಳ್ಳೆಯದೇ, ಪೊಟ್ಟಣ ಒಯ್ದರೆ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಆದರೆ ಮಧ್ಯಾಹ್ನದ ಹೊತ್ತಿಗೆ ಹೊಲದಲ್ಲಿರುವವಳು ಹೇಗೆ ಬಂದಾಳು? ಮೇಲಾಗಿ ಚೊಚ್ಚಲ ಬಾಣಂತನ ತವರಿನಲ್ಲಿ. ಸಿರುಗುಪ್ಪದ ಎಷ್ಟೋ ಸೊಸೆಯಂದಿರ ತವರು ಆದೋನಿ ಕಡೆ, ಅಂದರೆ 1953ರ ಗೆರೆಯ ಆಚೆ. ಈಚೆ ಹೆಸರು ಬರೆಸಿದವಳು ಊಟದ ಹಕ್ಕು ಹೆಚ್ಚು ಬೇಕಾದ ತಿಂಗಳುಗಳಲ್ಲಿ ಬೇರೆ ರಾಜ್ಯದಲ್ಲಿರುತ್ತಾಳೆ.

ನಗರದ ಚಿತ್ರ ಸ್ವಲ್ಪ ಬೇರೆ. ಬಳ್ಳಾರಿ ಜೀನ್ಸ್ ದೇಶಕ್ಕೆಲ್ಲ ಗೊತ್ತು. ಹೊಲಿದ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಪೀಸಿಗಿಷ್ಟು ಎಂದು ಮನೆಗಳಿಗೆ ಹೋಗುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆ ಮನೆಯವರೊಂದಿಗೆ ಮಾಡುವ ಕೆಲಸವನ್ನು ಕೈಬಿಟ್ಟಿತ್ತು. 2016ರ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿದರೂ ಶಾಲೆಯ ನಂತರ ಕುಟುಂಬಕ್ಕೆ ನೆರವಾಗಬಹುದೆಂಬ ಕಿಂಡಿಯನ್ನು ಉಳಿಸಿತು. ಕಾರ್ಖಾನೆಗೆ ಇನ್‌ಸ್ಪೆಕ್ಟರ್ ಹೋಗುತ್ತಾನೆ, ಪಡಸಾಲೆಗೆ ಹೋಗುವುದಿಲ್ಲ.

ಕುರುಗೋಡು ಈಗ ಬಳ್ಳಾರಿ ತಾಲ್ಲೂಕಿನ ಹೋಬಳಿಯಲ್ಲ, ತಾನೇ ತಾಲ್ಲೂಕು ಕೇಂದ್ರ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯೂ ಚಿಕ್ಕದಾಗಿದೆ. ಕಚೇರಿಗಳು ಹತ್ತಿರ ಬಂದಿವೆ, ಅದು ಸಣ್ಣ ಲಾಭವಲ್ಲ. ಆದರೆ ದುಡಿಯುವವಳು ಕೂಸನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಕ್ಷಾಮ ಸಂಹಿತೆಯ ಹಳೆಯ ತಿಳಿವಳಿಕೆ 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಮತ್ತೆ ಕಾಣಿಸಿಕೊಂಡಿತು: ಕಾಮಗಾರಿಯ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕು. ಕರ್ನಾಟಕ 2023-24ರ ಬಜೆಟ್‌ನಲ್ಲಿ ಇದನ್ನೇ ಬೆಳೆಸಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಮೂರರೊಳಗಿನ ಮಗುವನ್ನು ಹಗಲು ಹೊತ್ತು ಇರಿಸಿಕೊಳ್ಳುವ ವ್ಯವಸ್ಥೆ ಗ್ರಾಮೀಣ ಕರ್ನಾಟಕಕ್ಕೆ ಇಷ್ಟು ವ್ಯಾಪಕವಾಗಿ ಬಂದದ್ದು ಇದೇ ಮೊದಲು. ಆದರೆ ಇದು ಹುಟ್ಟಿದ್ದು ಉದ್ಯೋಗ ಖಾತರಿಯ ಚೌಕಟ್ಟಿನಲ್ಲಿ. ಖಾತರಿ ಕೆಲಸದ ಭರಾಟೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಮೆಣಸಿನಕಾಯಿ ಹೊಲಗಳು ಖಾಸಗಿಯವು, ಅವುಗಳ ಹಂಗಾಮು ಜನವರಿಯಲ್ಲಿ, ಅವುಗಳ ಆಟೊ ಹೊರಡುವುದು ಪಂಚಾಯಿತಿಯ ಬೀಗ ತೆಗೆಯುವ ಮೊದಲೇ. ಕೂಸಿನ ಮನೆಯಿಂದ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ಏನಾಯಿತು ಎಂದು ಅಳೆಯಲು ಹೊರಟವರು ಅಲ್ಲಿ ದಾಖಲಾದ ಕೂಸುಗಳನ್ನು ಎಣಿಸಿದರೆ ಸಾಲದು. ಪಕ್ಕದ ಶಾಲೆಯಲ್ಲಿ ನಾಲ್ಕರಿಂದ ಏಳನೇ ತರಗತಿಯ ಹುಡುಗಿಯರ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳ ಹಾಜರಿ ಪುಸ್ತಕವನ್ನೂ ತೆರೆದು ನೋಡಬೇಕು.