ಎಣ್ಣೆ ಬಿದ್ದ ಕಡಲತೀರ: ಸ್ವಯಂಸೇವಕರು ಮೊದಲು ಕಲಿಯಬೇಕಾದ್ದೇನು?

ಕಡಲಿಗೆ ಎಣ್ಣೆ ಸೋರಿದರೆ ಬಕೆಟ್ ಹಿಡಿದು ಓಡುವುದೇ ಸೇವೆ ಎಂದು ಹಲವರ ನಂಬಿಕೆ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎನ್ನೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದಾಗ ಜನ ಎಣ್ಣೆಯನ್ನು ಬಕೆಟ್‌ಗಳಲ್ಲೇ ತುಂಬಿದರು. ಆದರೆ ತೀರ ಕಾಯುವವರಿಗೆ ಮೊದಲು ಕಲಿಸಬೇಕಾದ್ದು ಮುಟ್ಟದೆ ನೋಡುವುದನ್ನು, ನೋಡಿದ್ದನ್ನು ಬರೆದಿಡುವುದನ್ನು. ಹಸಿ ಎಣ್ಣೆಯಿಂದ ಬೆಂಜೀನ್‌ನಂಥ ವಿಷದ ಆವಿ ಏಳುತ್ತದೆ. ಗಾಳಿ ಬೆನ್ನ ಹಿಂದಿನಿಂದ ಬರುವಂತೆ, ದೂರದಲ್ಲೇ ನಿಲ್ಲಬೇಕು.

2006ರ ಮೇ 30ರಂದು ಕಾರವಾರದ ಬಳಿ ಓಶನ್ ಸೆರಾಯಾ ಹಡಗು ಬಂಡೆಗೆ ಸಿಕ್ಕಿಕೊಂಡಿತು. ಸೋರಿದ ಎಣ್ಣೆ ಗೋವಾದ ತೀರಕ್ಕೂ ಹೋಯಿತು. ಮುಂಗಾರಿನ ಅಲೆ ಒಂದು ದಿನ ಎಣ್ಣೆಯ ಮೇಲೆ ಮರಳು ಮುಚ್ಚುತ್ತದೆ, ಇನ್ನೊಂದು ದಿನ ಬಿಚ್ಚುತ್ತದೆ. ಹಾಗಾಗಿ ಒಂದೇ ಜಾಗವನ್ನು ಇಳಿತದ ಹೊತ್ತಿನಲ್ಲಿ ಮತ್ತೆ ಮತ್ತೆ ನೋಡಬೇಕು. ‘ತುಂಬಾ ಎಣ್ಣೆ ಇದೆ’ ಎಂದು ಬರೆದರೆ ಪ್ರಯೋಜನವಿಲ್ಲ. ಸಮಯ, ಜಿಪಿಎಸ್ ಗುರುತು, ಪಟ್ಟೆಯ ಉದ್ದ, ಅಗಲ, ದಪ್ಪ, ಪಕ್ಕದಲ್ಲಿ ಪೆನ್ನಿಟ್ಟು ತೆಗೆದ ಫೋಟೊ ಬೇಕು. ‘ಎಣ್ಣೆ ಇಲ್ಲ’ ಎಂಬುದನ್ನೂ ಬರೆಯಬೇಕು. ಏಕೆಂದರೆ ಯಾವ ಅಪಘಾತವೂ ಆಗದ ವರ್ಷಗಳಲ್ಲೂ ಮಳೆಗಾಲದ ಹೊತ್ತಿಗೆ ಪಶ್ಚಿಮ ಕರಾವಳಿಗೆ ಡಾಂಬರಿನಂಥ ಉಂಡೆಗಳು ಬಂದು ಬೀಳುತ್ತವೆ. ಹಳೆಯ ಲೆಕ್ಕವಿಲ್ಲದಿದ್ದರೆ ಹೊಸ ಹಡಗಿನ ಮೇಲೆ ಹೊಣೆ ಹೊರಿಸುವುದು ಕಷ್ಟ.

ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ? ಕಡ್ಡಿಯಿಂದ ಕಲಕಿ. ಪೊರೆ ಚೂರುಚೂರಾಗಿ ಬೇರೆಯೇ ಉಳಿದರೆ ಅದು ಬಹುತೇಕ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾಗಳ ಕೆಲಸ. ಸುತ್ತಿಕೊಂಡು ಮತ್ತೆ ಕೂಡಿದರೆ ಎಣ್ಣೆಯ ಗುಮಾನಿ. ಖಚಿತವಾಗಲು ಲ್ಯಾಬ್ ಪರೀಕ್ಷೆಯೇ ಆಗಬೇಕು. ಇದಕ್ಕೆ ಕಡಲೇ ಬೇಕೆಂದಿಲ್ಲ, ನಮ್ಮ ಪಾವಗಡದ ಕಡೆಯ ಕೆರೆಯಂಚಿನಲ್ಲೂ ನೋಡಬಹುದು. ಕಡಲಲ್ಲೇ ಕಂಡರೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಿ.