ಶ್ರಾವಕರೊಬ್ಬರ ವಿಮಾನ ಕಾರ್ಖಾನೆ

ದೇವನಹಳ್ಳಿ ತಾಲ್ಲೂಕಿನ ಆವತಿಯ ಬೆಟ್ಟದ ಬುಡದಲ್ಲಿ ಬಂದು ನೆಲೆಸಿದ ರಣಭೈರೇಗೌಡನ ಪರಿವಾರವು, ಬಲಾಢ್ಯನೊಬ್ಬನ ಬಲಾತ್ಕಾರಕ್ಕೆ ಮಣಿಯಲೊಲ್ಲದೆ ರಾತ್ರೋರಾತ್ರಿ ತೌರುನೆಲವನ್ನು ತೊರೆದು ಬಂದುದೆಂದು ಐತಿಹ್ಯವಿದೆ. ಆ ವಂಶಪರಂಪರೆಗೆ ಸೇರಿದ ಕೆಂಪೇಗೌಡರ ಹೆಸರನ್ನು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಇಡಲಾಯಿತು. 2008ರ ಮೇ ತಿಂಗಳಲ್ಲಿ ಈ ನಿಲ್ದಾಣವು ಆರಂಭವಾಗುವ ತನಕ ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಇಳಿಯುತ್ತಿದ್ದುದು ಎಚ್.ಎ.ಎಲ್. ಕಾರ್ಖಾನೆಯ ನೆಲದಲ್ಲಿ. ಆ ಕಾರ್ಖಾನೆ ಹುಟ್ಟಿದ್ದು ಎರಡನೆಯ ಮಹಾಯುದ್ಧದ ನಡುವೆ. ಹುಟ್ಟಿಸಿದವರು ಒಬ್ಬ ಜೈನ ಗೃಹಸ್ಥರು ಎಂಬುದು ಜೈನ ಸಮಾಜದಲ್ಲಿಯೇ ಬಹು ಜನರಿಗೆ ತಿಳಿಯದು.

ಅವರು ಶೇಠ್ ವಾಲಚಂದ್ ಹೀರಾಚಂದ್. 1882ರಲ್ಲಿ ಸೊಲ್ಲಾಪುರದ ದಿಗಂಬರ ಜೈನ ಮನೆತನದಲ್ಲಿ ಜನಿಸಿದವರು. ತಂದೆ ಹೀರಾಚಂದ್ ನೇಮಚಂದ್ ದೋಶಿಯವರು 'ಜೈನ ಬೋಧಕ' ಪತ್ರಿಕೆಯ ಸ್ಥಾಪಕರು, ಸಮಾಜಸುಧಾರಕರು. ಮಗನು ಹಿಡಿದದ್ದು ಉದ್ಯಮದ ದಾರಿ. ಬ್ರಿಟಿಷ್ ಹಡಗು ಕಂಪನಿಗಳ ಏಕಸ್ವಾಮ್ಯವನ್ನು ಎದುರಿಸಿ, 1919ರಲ್ಲಿ ಸಿಂಧಿಯಾ ಕಂಪನಿಯ 'ಲಾಯಲ್ಟಿ' ಹಡಗನ್ನು ಮುಂಬಯಿಯಿಂದ ಲಂಡನ್ನಿಗೆ ಕಳುಹಿಸಿದವರಲ್ಲಿ ಅವರು ಪ್ರಮುಖರು.

ಯುದ್ಧವು ಆರಂಭವಾದಾಗ ಭಾರತದಲ್ಲಿ ವಿಮಾನ ಕಾರ್ಖಾನೆಯೇ ಇರಲಿಲ್ಲ. ಅಮೆರಿಕದ ವಿಲಿಯಂ ಪಾಲಿಯವರ ಪರಿಚಯದಿಂದ ಚಿಗುರಿದ ವಾಲಚಂದರ ಯೋಜನೆಗೆ ಮೈಸೂರು ಸಂಸ್ಥಾನವು ನೆಲವನ್ನೂ ಬಂಡವಾಳವನ್ನೂ ನೀಡಿತು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಸ್ಥಾಪಿತವಾಯಿತು. ಮರುವರ್ಷವೇ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನವು ಹಾರಿತು; 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಹಾರಿತು.

ಇಲ್ಲಿ ಧರ್ಮಜಿಜ್ಞಾಸೆಯೊಂದು ಎದುರಾಗುತ್ತದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕೆಂದು ಹೇಳುವುದು ರೂಢಿ. ಹಾಗಾದರೆ ವಿಮಾನ ಕಾರ್ಖಾನೆಯು ಉದ್ಯೋಗೀ ಹಿಂಸೆಯೆಂದು ಹೇಳಿ ಮುಗಿಸಬಹುದೆ? ಅಷ್ಟು ಸುಲಭವಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಕೊಡಲಿ, ಕತ್ತಿ, ಬೆಂಕಿ ಮೊದಲಾದ ಹಿಂಸಾಸಾಧನಗಳನ್ನು ಇತರರಿಗೆ ಕೊಡುವುದನ್ನು ಹಿಂಸಾದಾನವೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅನರ್ಥವೆಂದರೆ ಪ್ರಯೋಜನರಹಿತವಾದುದು. ಪರಾಧೀನ ದೇಶವು ತನ್ನ ಕೈಯಿಂದಲೇ ಯಂತ್ರವನ್ನು ಕಟ್ಟಲು ಕಲಿಯುವುದು ವಾಲಚಂದರ ಪಾಲಿಗೆ ಪ್ರಯೋಜನರಹಿತವಾಗಿರಲಿಲ್ಲ. ಆದರೆ ಅವರು ಕಟ್ಟಿದ ಯಂತ್ರವು ಸೇರಲಿದ್ದುದು ಈ ದೇಶವನ್ನೇ ಆಳುತ್ತಿದ್ದ ಸಾಮ್ರಾಜ್ಯದ ಕೈಗೆ. ಅವರ ಉದ್ದೇಶವನ್ನು ಮೆಚ್ಚುವವರು ಈ ಎರಡನೆಯ ಮಾತನ್ನು ಮರೆಮಾಚಬಾರದು.

ಜೈನರು ಯುದ್ಧವನ್ನು ಕಾಣದವರೇನಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ಸೇನಾನಿ. ಆದರೆ ಆ ಮೂರ್ತಿಯ ಹಿಂದಿರುವ ಕಥೆ ಬೇರೆ ದಿಕ್ಕಿನದು: ಸೈನ್ಯಗಳು ನಾಶವಾಗದಿರಲೆಂದು ಭರತ-ಬಾಹುಬಲಿಗಳು ತಾವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ನಿಂತರು. ಒಬ್ಬನ ಕಣ್ಣನ್ನು ಇನ್ನೊಬ್ಬನು ನೋಡಲೇಬೇಕಾದ ಯುದ್ಧವದು. ವಿಮಾನಯುದ್ಧದಲ್ಲಿ ಮೇಲಿನವನಿಗೆ ಕೆಳಗಿನವನ ಮುಖ ಕಾಣುವುದೇ ಇಲ್ಲ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ಅಲ್ಲಿಯೇ, ಹಿಂದಿನ ವರ್ಷ ಬಾಬು ರಾಜೇಂದ್ರ ಪ್ರಸಾದರು ಶಂಕುಸ್ಥಾಪನೆ ಮಾಡಿದ್ದ ವಾಲಚಂದರ ಹಡಗುಕಟ್ಟೆ ಮೇಲೇಳುತ್ತಿತ್ತು.

ಅದೇ 1942ರಲ್ಲಿ ಭಾರತ ಸರ್ಕಾರವು ವಾಲಚಂದರ ಷೇರುಗಳನ್ನು ಕೊಂಡು ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡಿತು. 1943ರಲ್ಲಿ ಅದು ಅಮೆರಿಕನ್ ವಾಯುಪಡೆಯ ಕೈಗೆ ಹೋಗಿ, ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಸ್ಥಾಪಕರ ಸಂಕಲ್ಪಕ್ಕೆ ಅಲ್ಲಿ ಯಾವ ಅಧಿಕಾರವೂ ಉಳಿಯಲಿಲ್ಲ. ಸಾಧನವನ್ನು ನಿರ್ಮಿಸುವ ಗೃಹಸ್ಥನಿಗೆ ಬರುವ ನಿಜವಾದ ತೊಡಕು ಇದೇ.

ಅಲ್ಲಿ ದುಡಿದವರಲ್ಲಿ ಡಾ. ವಿಷ್ಣು ಮಾಧವ ಘಾಟಗೆಯವರ ಬದುಕೂ ಗಮನಾರ್ಹ. ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಶಿಷ್ಯರಾಗಿ ವಿದ್ಯೆ ಕಲಿತವರು, ಜರ್ಮನಿಯೇ ಶತ್ರುವಾಗಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ವಿಮಾನಶಾಸ್ತ್ರವನ್ನು ಕಲಿಸಿದರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನವು 1951ರಲ್ಲಿ ಹಾರಿತು. ಯುದ್ಧ ಮುಗಿದ ಮೇಲೆ ಕೆಲಸವಿಲ್ಲದಂತಾದ ಕಾರ್ಖಾನೆಯು ಬಸ್ಸಿನ ಮೈಗಳನ್ನೂ ರೈಲುಬೋಗಿಗಳನ್ನೂ ಕಟ್ಟಿ ತನ್ನ ಕೆಲಸಗಾರರನ್ನು ಉಳಿಸಿಕೊಂಡಿತು. ವಾಲಚಂದರು 1953ರ ಏಪ್ರಿಲ್‌ನಲ್ಲಿ ತೀರಿಕೊಂಡರು. ವಿಶಾಖಪಟ್ಟಣದ ಹಡಗುಕಟ್ಟೆಯೂ ಅದರ ಹಿಂದಿನ ವರ್ಷವೇ ಸರ್ಕಾರದ ವಶಕ್ಕೆ ಹೋಗಿತ್ತು.